ಹಿಂದೆ ಹೆಸರು ಕೆಡಿಸಿಕೊಂಡವರು ದೀಕ್ಷಾಸ್ನಾನದ ನಂತರ ಚರ್ಚಿನಲ್ಲಿ ಸೇವೆ ಮಾಡಬಹುದೇ?

ಕುಡಿತ, ಹೊಡೆದಾಟಗಳಲ್ಲಿ ವರ್ಷಗಳನ್ನು ಕಳೆದ ಕಾರವಾರದ ತಮ್ಮ ಸೋದರಮಾವ ದೀಕ್ಷಾಸ್ನಾನ (ಕ್ರೈಸ್ತರಾಗುವ ನೀರಿನ ಸಂಸ್ಕಾರ) ಪಡೆದು ಚರ್ಚಿನ ಸೇವೆಗೆ ತೊಡಗಬಹುದೇ ಎಂದು ಕೇಳಿದ್ದೀರಿ, ಖಂಡಿತ ತೊಡಗಬಹುದು. 1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತ್ಯವೂ ಅನುಸರಿಸುವ ಕ್ಯಾಥೊಲಿಕ್ ಬೋಧನೆಯಂತೆ ದೀಕ್ಷಾಸ್ನಾನದಲ್ಲಿ ಹಿಂದಿನ ಪಾಪಗಳಿಗೆಲ್ಲ ಕ್ಷಮೆ ದೊರೆಯುತ್ತದೆ, ಆದರೆ ಆ ಪಾಪಗಳಿಂದ ನೊಂದವರಿಗೆ ಸಲ್ಲಬೇಕಾದ ಪರಿಹಾರ ಹಾಗೆಯೇ ಉಳಿಯುತ್ತದೆ. ಬೈಬಲಿನಲ್ಲಿ ನೋಡಿ, ಕ್ರೈಸ್ತರನ್ನು ಹಿಂಸಿಸುತ್ತಿದ್ದ, ಮುಂದೆ ಸಂತ ಪೌಲನೆನಿಸಿದ ಸೌಲನು ದಮಸ್ಕದ ದಾರಿಯಲ್ಲಿ ಬದಲಾದ ಮೇಲೂ ಜೆರುಸಲೇಮಿನ ಶಿಷ್ಯರು ಅವನಿಗೆ ಹೆದರಿದರು. ಬಾರ್ನಬನೆಂಬ ಶಿಷ್ಯನು ಜೊತೆಗೆ ಕರೆದೊಯ್ದು ಅವನ ಪರವಾಗಿ ಮಾತನಾಡಬೇಕಾಯಿತು. ನನಗೆ ಈ ಬಾರ್ನಬನೇ ಬಹಳ ಮುಖ್ಯನೆನಿಸುತ್ತಾನೆ, ಏಕೆಂದರೆ ಎಲ್ಲರಿಗೂ ಎಲ್ಲರ ಪರಿಚಯವಿರುವ ನಮ್ಮ ಕರಾವಳಿಯ ಊರುಗಳಲ್ಲಿ ಹಳೆಯ ಹೆಸರು ಬೇಗ ಅಳಿಯುವುದಿಲ್ಲ. ಹೊಸದಾಗಿ ವಿಶ್ವಾಸಕ್ಕೆ ಬಂದವನು ಸಭಾಧ್ಯಕ್ಷ, ಅಂದರೆ ಚರ್ಚಿನ ಮೇಲ್ವಿಚಾರಕನಾಗಬಾರದೆಂದು ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರ ಹೇಳುವುದರಿಂದ, ತಮ್ಮ ಸೋದರಮಾವ ಬೋಧನೆಗಿಂತ ಮೊದಲು ರೋಗಿಗಳ ಭೇಟಿ, ಕುಡಿತ ಬಿಡಲು ಹೆಣಗುವವರ ಜೊತೆಗಿರುವುದು ಮುಂತಾದ ಕೆಲಸಗಳನ್ನು ಧರ್ಮಗುರುಗಳ ಮಾರ್ಗದರ್ಶನದಲ್ಲಿ ಆರಂಭಿಸಲಿ.