"ಬೈಯೋವಾಗ ಬರೋ ದನಿ ನಂದಲ್ಲ ಮೇಡಂ"

ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದು ಸೂಪರ್‌ವೈಸರ್ ಆದ ಹೆಂಗಸರು ಆಪ್ತಸಲಹೆಗೆ ನನ್ನ ಹತ್ತಿರ ಬರುವುದು ಈಚೆಗೆ ಜಾಸ್ತಿಯಾಗಿದೆ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ದೂರು. ಮೆತ್ತಗಿದ್ದರೆ ಲೈನ್‌ನಲ್ಲಿ, ಅಂದರೆ ತಮ್ಮ ಕೈಕೆಳಗಿನ ಮಿಷನ್ ಸಾಲಿನಲ್ಲಿ, ಯಾರೂ ಮಾತು ಕೇಳಲ್ಲ, ಜೋರು ಮಾಡಿದರೆ ರಾತ್ರಿ ನಿದ್ದೆ ಬರಲ್ಲ. ಅವರಲ್ಲಿ ಒಬ್ಬರ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಹೆಸರು, ಗುರುತು ಬದಲಾಯಿಸಿದ್ದೇನೆ. ರತ್ನ ಅಂತ ಕರೆಯೋಣ.

ಊರು ಮಂಡ್ಯ ಕಡೆ. ಮದುವೆಯಾಗಿ ಬೆಂಗಳೂರಿಗೆ ಬಂದವರು. ಹೆಲ್ಪರ್ ಆಗಿ ಸೇರಿ, ಊಟದ ಬಿಡುವಿನಲ್ಲಿ ಮಿಷನ್ ಕಲಿತು, ಶರ್ಟಿಗೆ ಕಾಲರ್ ಕೂರಿಸುವುದರಲ್ಲಿ ಎತ್ತಿದ ಕೈ ಅನ್ನಿಸಿಕೊಂಡವರು. ಒಂದು ದಿನ ಬೇರೆ ಬಣ್ಣದ ಕೋಟ್ ಕೊಟ್ಟು, "ನಾಳೆಯಿಂದ ಈ ಲೈನ್ ನಿಂದು" ಅಂದರು. ತರಬೇತಿ ಅಂತ ಸಿಕ್ಕಿದ್ದು ಅಷ್ಟೇ.

ಮೊದಮೊದಲು ರತ್ನ ಎಲ್ಲರಿಗೂ "ನಾನೂ ನಿಮ್ಮ ಥರಾನೇ ಕಣ್ರೇ" ಅನ್ನುತ್ತಿದ್ದರು. ಗಂಟೆಯ ಟಾರ್ಗೆಟ್ ತಪ್ಪತೊಡಗಿತು. ಫ್ಲೋರ್ ಇನ್‌ಚಾರ್ಜ್ ಅವರನ್ನು ಪ್ರೊಡಕ್ಷನ್ ಬೋರ್ಡ್ ಮುಂದೆ ನಿಲ್ಲಿಸಿ ಬೈದ. ಅವತ್ತಿನಿಂದ ರತ್ನ ಬೈಯಲು ಶುರು ಮಾಡಿದರು. ಕೆಲಸ ನಡೆಯಿತು. ಆದರೆ ಊಟಕ್ಕೆ ಕೂತರೆ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ.

ನಮ್ಮ ಮೂರನೇ ಭೇಟಿಯಲ್ಲಿ ಅವರು ಹಳೇ ಗೆಳತಿಯೊಬ್ಬಳ ಪ್ರಸಂಗ ಹೇಳಿದರು. ಆಕೆಯೂ ಕಾಲರ್ ಟೈಲರ್. ಅವಳ ಮಿಷನ್ ಕೆಳಗಿನ ಡಬ್ಬದಲ್ಲಿ, ಒಳ್ಳೇ ಪೀಸ್‌ಗಳ ಅಡಿಗೆ, ಕಾಲರ್ ತುದಿ ಮುರುಟಿಕೊಂಡ ಎರಡು ಪೀಸ್ ಸಿಕ್ಕವು. ಬಿಚ್ಚಿ ಮತ್ತೆ ಹೊಲಿಯಬೇಕಾದ ಆಲ್ಟ್ರೇಷನ್ ಪೀಸ್. ಲೆಕ್ಕಕ್ಕೆ ಬರಬಾರದು ಅಂತ ಅಡಗಿಸಿಟ್ಟಿದ್ದಳು. ರತ್ನ ಅವನ್ನು ಎತ್ತಿ ಹಿಡಿದು ಇಡೀ ಲೈನ್ ಎದುರು ಕೂಗಾಡಿದ್ದರು.

"ಏನಂದ್ರಿ, ಹೇಗಂದ್ರಿ? ಹಾಗೇ ಹೇಳಿ ನೋಡೋಣ" ಅಂದೆ.

ರತ್ನ ಎದ್ದು ನಿಂತರು. ಒಂದು ಕೈ ಸೊಂಟದ ಮೇಲೆ ಹೋಯಿತು. ದನಿ ದಪ್ಪಗಾಯಿತು. "ಸಂಬಳ ತಗೊಳ್ಳೋಕೆ ನಾಚಿಕೆ ಆಗಲ್ವಾ? ಮನೇಲಿ ಇದ್ಕೊಂಡು ರೊಟ್ಟಿ ತಟ್ಟು ಹೋಗು..." ಅಲ್ಲಿಗೇ ನಿಂತುಬಿಟ್ಟರು. ಸೊಂಟದ ಮೇಲಿನ ಕೈ ನೋಡಿಕೊಂಡರು.

"ಬೈಯೋವಾಗ ಬರೋ ದನಿ ನಂದಲ್ಲ ಮೇಡಂ. ನಾನು ಟೈಲರ್ ಆಗಿದ್ದಾಗ ಒಬ್ಬ ಸೂಪರ್‌ವೈಸರ್ ಇದ್ದ. ಅವನದ್ದು. ಈ ಕೈ ಇಡೋದೂ ಅವನದ್ದೇ." ಸ್ವಲ್ಪ ಹೊತ್ತು ಬಿಟ್ಟು ಅಂದರು: "ಪೀಸ್ ಎಲ್ಲಿ ಇಟ್ಟಿರ್ತಾಳೆ ಅಂತ ನಂಗೆ ಹೆಂಗೆ ಗೊತ್ತಾಯ್ತು ಅಂದ್ಕೊಂಡ್ರಿ? ನಾನೂ ಅಲ್ಲೇ ಇಡ್ತಿದ್ದೆ."

"ಯಾಕೆ ಇಡ್ತಿದ್ರಿ?"

"ಬೈತಾನೆ ಅಂತ."

ನಾನು ಏನೂ ಸೇರಿಸಲಿಲ್ಲ. ಹೇಳಿದ್ದು ಅವರಿಗೇ ಕೇಳಿಸಿತ್ತು.

ಆಮೇಲೆ ಅವರು ಕೇಳಿದರು, "ಹಾಗಾದ್ರೆ ಕೋಟ್ ವಾಪಸ್ ಕೊಟ್ಟು ಮಿಷನ್‌ಗೇ ಹೋಗ್ಬಿಡ್ಲಾ? ಅಲ್ಲಿ ನಾನು ನಾನಾಗಿದ್ದೆ."

ಬೇಡ ಅಂದೆ. ಯಾಕೆ ಅಂತ ಇಲ್ಲಿ ಬಿಡಿಸಿ ಹೇಳಬೇಕು. ಈ ಸಲಹೆಗೆ ನನ್ನ ಜೊತೆಯವರಿಂದಲೇ ಆಕ್ಷೇಪ ಬಂದಿದೆ. ಬೈಗುಳ ಮುಖವಾಡ ಅನ್ನುವುದು ಎಲ್ಲರಿಗೂ ಬೇಗ ಕಾಣುತ್ತದೆ. ಆದರೆ "ನಾನೂ ನಿಮ್ಮ ಥರಾನೇ" ಅನ್ನುವುದೂ ನಿಜ ಆಗಿರಲಿಲ್ಲ. ಯಾರಿಗೆ ಯಾವ ಮಿಷನ್ ಅಂತ ಹೇಳುವುದು ರತ್ನ. ರಜೆ ಚೀಟಿ ಹೋಗುವುದು ರತ್ನನ ಕೈಯಿಂದ. ಇಷ್ಟೆಲ್ಲ ಇಟ್ಟುಕೊಂಡು ನನ್ನ ಕೈಲಿ ಏನೂ ಇಲ್ಲ ಅಂದರೆ ಯಾರು ನಂಬುತ್ತಾರೆ? ಕೈಯಲ್ಲಿರುವ ಅಧಿಕಾರವನ್ನು ಬಚ್ಚಿಡುವವರು ಸುಮ್ನೆ ಒಳ್ಳೆಯವರಾಗಿ ಕಾಣುತ್ತಾರೆ, ಅಷ್ಟೇ. ರಜೆ ಇಲ್ಲ ಅನ್ನಬೇಕಾದ ದಿನ ಆ ಒಳ್ಳೆಯತನ ಮೋಸದ ಹಾಗೆ ಕಾಣುತ್ತದೆ. ಇದನ್ನು ನಾನು ಬಲವಾಗಿ ನಂಬುತ್ತೇನೆ.

2016ರ ಏಪ್ರಿಲ್‌ನಲ್ಲಿ ಪಿ.ಎಫ್. (ಭವಿಷ್ಯ ನಿಧಿ) ಹಣ ತೆಗೆಯಲು ತಡೆ ಹಾಕಿದ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದರಲ್ಲ, ಆಗ ರತ್ನ ಹೊಸೂರು ರಸ್ತೆಯಲ್ಲಿ ಇದ್ದರು. ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. "ಅವತ್ತು ಯಾರ ದನಿ ಇತ್ತು?" ಅಂತ ಕೇಳಿದೆ. "ನಂದೇ" ಅಂದರು. ಗಟ್ಟಿ ದನಿ ಅವರಿಗೆ ಹೊಸದಲ್ಲ. ಅದನ್ನು ಕೆಳಗಿನವರ ಮೇಲೆ ಹಾಕಿದಾಗ ಮಾತ್ರ ಅದು ಇನ್ನೊಬ್ಬನದ್ದಾಗುತ್ತಿತ್ತು.

ಸಲಹೆ ಹೀಗಿತ್ತು. ಗೆಳತಿಯನ್ನು ಲೈನಿನಿಂದ ಆಚೆ ಕರೆದು ಆಡಿದ ಮಾತಿಗೆ ಕ್ಷಮೆ ಕೇಳಿ. ಪೀಸ್ ಸರಿ ಮಾಡು ಅಂದಿದ್ದಕ್ಕೆ ಕೇಳಬೇಡಿ, ಅದು ನಿಮ್ಮ ಕೆಲಸ. ತಪ್ಪಿದ ಪೀಸ್ ಮಿಷನ್ ಮೇಲೇ ಇಡಲಿ, ಇಟ್ಟವರಿಗೆ ಬೈಗುಳ ಇಲ್ಲ ಅಂತ ಎಲ್ಲರಿಗೂ ಹೇಳಿ. ನಿಮ್ಮ ಕೈಲಿ ಏನಿದೆ, ಏನಿಲ್ಲ ಅನ್ನುವುದನ್ನು ಮರೆಮಾಚಬೇಡಿ. ಟಾರ್ಗೆಟ್ ಮೇಲಿಂದ ಬರುತ್ತೆ ಅಂತ ಹೇಳಿ. ಆಗದ ಟಾರ್ಗೆಟ್ ಬಂದರೆ ಬೆಳಗ್ಗೆಯೇ ಇನ್‌ಚಾರ್ಜ್‌ಗೂ ಹೇಳಿ. ಅದಕ್ಕೂ ಆ ಕೋಟ್ ಬೇಕು.

"ನಾನೂ ಬಚ್ಚಿಡ್ತಿದ್ದೆ ಅಂತ ಎಲ್ಲರಿಗೂ ಹೇಳ್ಲಾ?" ಅಂತ ಕೇಳಿದರು. ಹೇಳಲೇಬೇಕು ಅಂತೇನಿಲ್ಲ ಅಂದೆ. ಆಪ್ತಸಲಹೆಗಾರರ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲೇ ಬರೆದಿದ್ದಾರೆ: ಮನಸ್ಸಿನಲ್ಲಿರುವುದನ್ನೆಲ್ಲ ಹೊರಗೆ ಹಾಕುವುದು ಗುರಿಯಲ್ಲ, ಎದುರಿನವರಿಗೆ ನಮ್ಮ ಬಗ್ಗೆ ಮೋಸ ಮಾಡದೆ ಇರುವುದು ಮುಖ್ಯ. ಸೂಪರ್‌ವೈಸರ್‌ಗೂ ಇದು ಸಲ್ಲುತ್ತದೆ.

ಕಾರ್ಮಿಕ ಸಂಘದಲ್ಲಿರುವ ಗೆಳತಿಯೊಬ್ಬಳು, "ನೀನು ಮೆತ್ತಗೆ ದುಡಿಸಿಕೊಳ್ಳೋದು ಹೇಳಿಕೊಡ್ತಿದ್ದೀಯ" ಅಂದಳು. ಟಾರ್ಗೆಟ್ ನ್ಯಾಯವಲ್ಲ ಅನ್ನುವ ಅವಳ ಮಾತು ಒಪ್ಪುತ್ತೇನೆ. ಅದನ್ನು ಇಳಿಸಲು ಸಂಘ ಬೇಕು, ನನ್ನ ಕೋಣೆ ಸಾಲದು. ಆದರೆ ಬೈಗುಳ ಟಾರ್ಗೆಟ್ಟಿನಲ್ಲಿ ಬರೆದಿರುವುದಿಲ್ಲ. ಸಂಘ ಗೆಲ್ಲುವವರೆಗೂ ದಿನಾ ಅದನ್ನು ಕೇಳಿಸಿಕೊಳ್ಳುವ ಟೈಲರ್‌ಗೆ ಕಾಯುತ್ತಿರು ಅನ್ನಲು ನನಗೆ ಮನಸ್ಸಿಲ್ಲ.

ರತ್ನನ ಗೆಳತಿ ಕ್ಷಮೆ ಕೇಳಿಸಿಕೊಂಡಳು, ಮಾತಾಡಲಿಲ್ಲ. ಈಗಲೂ ಕೆಲಸಕ್ಕೆ ಬೇಕಾದಷ್ಟೇ ಮಾತು. ಆದರೆ ತಪ್ಪಿದ ಪೀಸ್ ಮಿಷನ್ ಮೇಲೇ ಇಡುತ್ತಾಳೆ. ಹೋದ ತಿಂಗಳು ಇಬ್ಬರು ಹೆಲ್ಪರ್ ಬರದ ದಿನ ರತ್ನ ಇನ್‌ಚಾರ್ಜ್ ಹತ್ತಿರ ಹೋಗಿ, "ಇವತ್ತು ಇಷ್ಟು ಆಗಲ್ಲ ಸಾರ್, ಇಷ್ಟು ಆಗುತ್ತೆ" ಅಂದರಂತೆ. ಅವನು ಒಪ್ಪಲಿಲ್ಲ, ಬೈದ. ರತ್ನ ಲೈನಿಗೆ ವಾಪಸ್ ಬಂದು, ಅವನು ಏನಂದ ಅನ್ನುವುದನ್ನು ಇದ್ದ ಹಾಗೆ ಹೇಳಿ, ತಾವೇ ದಾರ ಕತ್ತರಿಸಲು ಕೂತರಂತೆ. ಅಂದು ಟಾರ್ಗೆಟ್ ಮುಟ್ಟಲಿಲ್ಲ.