ಕ್ಯಾಥೊಲಿಕರು ಸತ್ತವರಿಗಾಗಿ ಪ್ರಾರ್ಥಿಸುವುದು ಯಾಕೆ?
ಕಾರವಾರ, ಹೊನ್ನಾವರದ ಕಡೆ ನವೆಂಬರಿನಲ್ಲಿ ಕ್ಯಾಥೊಲಿಕರು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಇದೂ ನಮ್ಮ ಮಹಾಲಯದ ಹಾಗೇ ಅಲ್ವಾ ಎಂದು ಕೇಳಿದ್ದೀರಿ. ಹಿರಿಯರನ್ನು ನೆನೆಯುವ ಮಟ್ಟಿಗೆ ಹೌದು. ಅದರ ಹಿಂದಿರುವ ನಂಬಿಕೆ ಬೇರೆ.

ದೇವರ ಸ್ನೇಹದಲ್ಲೇ ಸತ್ತರೂ ಪೂರ್ತಿ ಶುದ್ಧವಾಗದ ಆತ್ಮಗಳು ಸ್ವರ್ಗ ಸೇರುವ ಮೊದಲು ಶುದ್ಧೀಕರಣ ದಾಟಬೇಕು ಎನ್ನುತ್ತದೆ ಕ್ಯಾಥೊಲಿಕ್ ಧರ್ಮಸಭೆ (ಚರ್ಚ್). ಬದುಕಿರುವವರ ಪ್ರಾರ್ಥನೆ, ದಾನ, ಎಲ್ಲಕ್ಕಿಂತ ಜಾಸ್ತಿ ಇಗರ್ಜಿಯ ಬಲಿಪೂಜೆ (ಯೇಸುವಿನ ಬಲಿದಾನ ನೆನೆದು ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಪೂಜೆ) ಅವರಿಗೆ ನೆರವಾಗುತ್ತದೆ. ನರಕದಿಂದ ಬಿಡಿಸುವ ಪ್ರಾರ್ಥನೆ ಎಂದು ತುಂಬಾ ಜನ ತಿಳಿದಿದ್ದಾರೆ. ಅದು ತಪ್ಪು. ಶುದ್ಧೀಕರಣದಲ್ಲಿರುವವರಿಗೆ ಸ್ವರ್ಗ ಖಚಿತ, ತಡವಾಗಬಹುದು ಅಷ್ಟೇ.

ಇದಕ್ಕೆ ಆಧಾರ ಕ್ಯಾಥೊಲಿಕ್ ಬೈಬಲಿನಲ್ಲಿರುವ ಮಕ್ಕಬಿಯರ ಎರಡನೇ ಗ್ರಂಥದ 12ನೇ ಅಧ್ಯಾಯ. ಅಲ್ಲಿ ಯೆಹೂದಿ ಸೇನಾನಾಯಕ ಯೂದನು ಯುದ್ಧದಲ್ಲಿ ಸತ್ತ ತನ್ನ ಸೈನಿಕರ ಪಾಪಕ್ಕಾಗಿ ಹಣ ಕೂಡಿಸಿ, ಬಲಿ ಅರ್ಪಿಸಲು ಜೆರುಸಲೇಮಿಗೆ ಕಳಿಸುತ್ತಾನೆ. ಪ್ರೊಟೆಸ್ಟೆಂಟರು ಈ ಗ್ರಂಥವನ್ನು ಬೈಬಲಿನ ಭಾಗವೆಂದು ಒಪ್ಪುವುದಿಲ್ಲ. ಅವರಲ್ಲಿ ಈ ಪ್ರಾರ್ಥನೆ ಅಪರೂಪ ಆಗಲು ಅದೂ ಒಂದು ಕಾರಣ.

ನವೆಂಬರ್ 2 ಸತ್ತವರೆಲ್ಲರ ಸ್ಮರಣೆಯ ದಿನ. ಸುಮಾರು ಸಾವಿರ ವರ್ಷದ ಹಿಂದೆ ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಒಡಿಲೊ ತಮ್ಮ ಮಠಗಳಲ್ಲಿ ಈ ತಾರೀಕು ಗೊತ್ತುಮಾಡಿದರು, ಆಮೇಲೆ ಎಲ್ಲೆಡೆ ಹಬ್ಬಿತು. 1915ರಿಂದ ಪ್ರತಿ ಪಾದ್ರಿಗೂ ಅಂದು ಮೂರು ಬಲಿಪೂಜೆ ಅರ್ಪಿಸಲು ಅನುಮತಿ ಇದೆ.

ಹೇಳುವ ಪ್ರಾರ್ಥನೆ ಚಿಕ್ಕದು: 'ಪ್ರಭುವೇ, ಇವರಿಗೆ ನಿತ್ಯ ವಿಶ್ರಾಂತಿ ಕೊಡು, ನಿನ್ನ ನಿತ್ಯ ಬೆಳಕು ಇವರ ಮೇಲೆ ಬೆಳಗಲಿ.' ನಮ್ಮ ಕರಾವಳಿಯಲ್ಲಿ ಇದು ಜಾಸ್ತಿ ಕೊಂಕಣಿಯಲ್ಲೇ ಕೇಳಿಸುತ್ತದೆ. ಗೆಳೆಯರ ಮನೆಯವರ ಸಮಾಧಿ ಇದ್ದರೆ ನೀವೂ ಹೋಗಿ ಒಂದು ಬತ್ತಿ ಹಚ್ಚಬಹುದು.