ತೊಟ್ಟಿಲ ಜಾಹೀರಾತು ನಿಲ್ಲುತ್ತಿಲ್ಲ

ಪ್ರಶ್ನೆ: ತಂಗಿಗೆ ಐದನೇ ತಿಂಗಳಲ್ಲಿ ಗರ್ಭ ಹೋಯಿತು. ಮನೆಯಲ್ಲಿ ಯಾರೂ ಆ ಮಾತೆತ್ತುವುದಿಲ್ಲ. ಆದರೆ ಫೋನ್ ತೆರೆದರೆ ಸಾಕು, ತೊಟ್ಟಿಲು, ಕುಲಾವಿ. ಮೈಕ್ ಆಫ್ ಮಾಡಿದರೂ ಬರುತ್ತಿವೆ. ಫೋನ್ ನಮ್ಮ ಮಾತು ಕದ್ದು ಕೇಳುತ್ತದೆಯೇ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಪತ್ರ ಓದಿ ಕರುಳು ಚುರುಕ್ ಎಂದಿತು. ನನ್ನ ನಾದಿನಿಗೂ ಹೀಗೇ ಆಗಿತ್ತು. ಬಸುರಿಯರ ಆ್ಯಪ್ ಒಂದನ್ನು ಅಳುತ್ತಲೇ ಫೋನಿನಿಂದ ತೆಗೆದಿದ್ದಳು. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ‘ಈಗ ನಿಮಗೆ 32ನೇ ವಾರ’ ಎಂದು ಈಮೇಲ್ ಬಂತು. ಆ್ಯಪ್ ಹೋಗಿತ್ತು, ಖಾತೆ ಉಳಿದಿತ್ತು.

ಕದ್ದು ಕೇಳುವ ಅಗತ್ಯವೇ ಇಲ್ಲ. ಹೆರಿಗೆಯ ದಿನಾಂಕ ತುಂಬಿದ್ದು, ಗೂಗಲ್‌ನಲ್ಲಿ ಹುಡುಕಿದ್ದು, ಅಂಗಡಿ ಆ್ಯಪ್‌ನಲ್ಲಿ ಕುಲಾವಿ ನೋಡಿದ್ದು, ಇಷ್ಟೇ ಸಾಕು. ಪ್ರತಿ ಆಂಡ್ರಾಯ್ಡ್ ಫೋನಿಗೂ ಜಾಹೀರಾತಿಗೆಂದೇ ಒಂದು ಗುರುತು ಸಂಖ್ಯೆ ಇರುತ್ತದೆ. ಬೇರೆಬೇರೆ ಆ್ಯಪ್‌ಗಳು ಕಂಡದ್ದನ್ನೆಲ್ಲ ಅದರ ಲೆಕ್ಕಕ್ಕೆ ಸೇರಿಸಬಲ್ಲವು.

ಮೊದಲು ಆ್ಯಪ್ ಒಳಗೇ ಹೋಗಿ ಖಾತೆ ಡಿಲೀಟ್ ಮಾಡಿ. ತೆಗೆದುಹಾಕಿದ್ದರೆ ಮತ್ತೆ ಹಾಕಿಕೊಂಡಾದರೂ ಮಾಡಿ. ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಡ್ಸ್’ ಎಂದು ಹುಡುಕಿ, ‘ಡಿಲೀಟ್ ಅಡ್ವರ್ಟೈಸಿಂಗ್ ಐಡಿ’ ಒತ್ತಿ. ಐಫೋನ್ ಆದರೆ ‘ಟ್ರ್ಯಾಕಿಂಗ್’ ಆಫ್ ಮಾಡಿ. ಗೂಗಲ್ ಖಾತೆಯ ‘ಮೈ ಆ್ಯಡ್ ಸೆಂಟರ್’ನಲ್ಲಿ ಸೂಕ್ಷ್ಮ ವಿಷಯಗಳ ಪಟ್ಟಿಯಿದೆ, ಮದ್ಯ, ಜೂಜಿನ ಜೊತೆ ಗರ್ಭಧಾರಣೆಯೂ ಅದರಲ್ಲಿದೆ. ಅದನ್ನು ಆಫ್ ಮಾಡಿದರೆ ಯೂಟ್ಯೂಬ್‌ನಲ್ಲೂ ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುತ್ತದೆಂದು ನಾನು ಮಾತು ಕೊಡಲಾರೆ. ನಡುವೆ ಒಂದೊಂದು ನುಸುಳುತ್ತದೆ.

ಖಾತೆ ಅಳಿಸಲು ಕಂಪನಿ ಸತಾಯಿಸಿದರೆ ಲಿಖಿತವಾಗಿ ಕೇಳಿ, ಸಂಕೋಚ ಬೇಡ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿದೆ. ಆಧಾರ್ ವಿಚಾರವಾಗಿ ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗ ಅವರಿಗೆ ಎಂಬತ್ತು ದಾಟಿತ್ತು.

ಒಂದು ಮಾತು. ಇದನ್ನು ತಂಗಿಯ ಕೈಲಿ ಮಾಡಿಸಬೇಡಿ, ಆ ಪಟ್ಟಿಯ ಪದಗಳೇ ಚುಚ್ಚುತ್ತವೆ. ಅವರ ಒಪ್ಪಿಗೆ ಕೇಳಿ, ಫೋನ್ ಇಸಿದುಕೊಂಡು ನೀವೇ ಮಾಡಿ. ಆ್ಯಪ್‌ಗೆ ಕೊಟ್ಟಿದ್ದ ಹೆರಿಗೆ ದಿನಾಂಕ ಬರುವ ಮೊದಲೇ ಮುಗಿಸಿ. ಇಲ್ಲದಿದ್ದರೆ ಆವತ್ತು ಅವರ ಫೋನಿಗೆ ಅಭಿನಂದನೆಯ ಸಂದೇಶ ಬಂದೀತು.